ಕರಡಿಕೊಳ್ಳ ಹತ್ತಿದ ಪಿಕಪ್ಪು

ಹೊಸಪೇಟೆ
12 ಅಕ್ಟೋಬರ್ 2008, ಭಾನುವಾರ

ಪ್ರೀತಿಯ ಭಾರ್ಗವಣ್ಣನಿಗೆ ತಂಗಿ ಹರಿಪ್ರಿಯಾಳ ನಮಸ್ಕಾರ.

ಹೇಗಿದ್ದೀ? ಗೋವಾದ ಉಪ್ಪುಗಾಳಿಗೆ ನಿನ್ನ ಕೆಮ್ಮು ಇಳಿಯಿತೋ, ಇಲ್ಲವೇ ಇಲ್ಲಿಯ ಕೆಂಪು ಧೂಳನ್ನು ಎದೆಯಲ್ಲಿ ಕಟ್ಟಿಕೊಂಡೇ ಹೋದೆಯೋ? ರಾತ್ರಿ ಮಲಗುವಾಗ ಬಿಸಿನೀರಿಗೆ ಶುಂಠಿ ಹಾಕಿಕೊಂಡು ಕುಡಿ ಎಂದು ಅಮ್ಮ ಮೂರು ಸಲ ಹೇಳಿದ್ದಾಳೆ, ಮೂರೂ ಸಲದ್ದನ್ನು ಸೇರಿಸಿ ಒಂದೇ ಸಲ ಬರೆದಿದ್ದೇನೆ. ಶ್ರೀಲಕ್ಷ್ಮೀ ವೈನಿಯ ಸೊಂಟನೋವಿಗೆ ಎಣ್ಣೆ ಕಾಯಿಸಿ ಶೀಸೆಯಲ್ಲಿ ತುಂಬಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬರುವವರಿದ್ದರೆ ಕಳಿಸುತ್ತೇವೆ. ಅಕ್ಷೋಭ್ಯ ಗೋಡೆ ಹಿಡಿದು ಹೆಜ್ಜೆ ಇಡುತ್ತಾನೆಂದು ವೈನಿ ಫೋನಿನಲ್ಲಿ ಹೇಳಿದಾಗಿನಿಂದ ಅಪ್ಪ ಹೋದಲ್ಲೆಲ್ಲ ಅದನ್ನೇ ಹೇಳುತ್ತಿದ್ದಾರೆ. ಅಪ್ಪನ ಮೊಣಕಾಲು ಹಾಗೇ ಇದೆ. ಬಿ.ಪಿ. ಗುಳಿಗೆ ತಪ್ಪಿಸುವುದಿಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ, ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದೇನೆ. ಅದನ್ನೂ ನೀನು ನಿನ್ನ ಪತ್ರದಲ್ಲಿ ಒಂದು ತಪ್ಪೆಂದು ಸೇರಿಸಬಹುದಿತ್ತು, ಮರೆತಿದ್ದೀ.

ನಿನ್ನ ಕೊರಿಯರ್ ಆಯುಧಪೂಜೆಯ ದಿನವೇ ಬಂತು. ನಾನು ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದೆ. ಆರ್‌ಸಿ ಪುಸ್ತಕದಲ್ಲಿ ಅದರ ಬಣ್ಣ ಬಿಳಿ ಎಂದಿದೆ, ವರ್ಷಕ್ಕೊಮ್ಮೆ ಆ ದಿನ ಮಾತ್ರ ಜನ ಅದನ್ನು ನಂಬುತ್ತಾರೆ. ಚರಂಡಿಯ ತುಂಬ ಕೆಂಪು ನೀರು ಹರಿಯುತ್ತಿತ್ತು, ಒದ್ದೆ ಕೈಯಲ್ಲೇ ಲಕೋಟೆ ಒಡೆದೆ. ನಿನ್ನ ಅಕ್ಷರದಲ್ಲಿ ಎರಡು ಹಾಳೆ, ಜೊತೆಗೆ ಅಪ್ಪನ ಸಹಿಗೆ ಜಾಗ ಬಿಟ್ಟು ಟೈಪು ಮಾಡಿದ ಒಂದು ಕಾಗದ. ಗಾಡಿ ಮಾರಿಬಿಡು, ಅಪ್ಪನನ್ನು ಇನ್ನು ಕರಡಿಕೊಳ್ಳಕ್ಕೆ ಕರೆದೊಯ್ಯಬೇಡ, ಕಾಗದಕ್ಕೆ ಸಹಿ ಹಾಕಿಸಿ ಮರುಟಪಾಲಿಗೆ ಕಳಿಸು ಎಂದು ಬರೆದಿದ್ದೀ. ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆದ ಕೂಡಲೇ ನಿನಗೆ ಮೀಟಿಂಗು ಶುರುವಾಗುತ್ತದೆ. ಪತ್ರವನ್ನು ನೀನು ಹರಿದು ಹಾಕಬಹುದು, ಹರಿಯುವ ಮುಂಚೆ ಓದಿಯೇ ಓದುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು.

ಮೊದಲು ಗಾಡಿಯ ಮಾತು. "ಗೋಪೀನಾಥಾಚಾರ್ಯರ ಮಗಳು ಗಣಿಯವರ ಪಿಕಪ್ಪು ಓಡಿಸುತ್ತಾಳೆಂದು ಜನ ನಗುತ್ತಾರೆ" ಎಂದು ಬರೆದಿದ್ದೀ. ನಕ್ಕವರನ್ನು ನಾನೂ ನೋಡಿದ್ದೇನೆ. ಅವರಲ್ಲಿ ಅರ್ಧ ಜನ ಆಮೇಲೆ ಗೃಹಪ್ರವೇಶಕ್ಕೆ ಬಾಳೆಕಂದು, ಅಕ್ಕಿಮೂಟೆ, ಗ್ಯಾಸ್ ಸಿಲಿಂಡರ್ ಸಾಗಿಸಲು ನನ್ನನ್ನೇ ಕರೆದರು. ನರ್ಸರಿ ಶುರು ಮಾಡಿದಾಗ ನಾನು ಬಾಡಿಗೆ ಟೆಂಪೋದಲ್ಲೇ ಬಾಳೆಸಸಿ ಕಳಿಸುತ್ತಿದ್ದೆ. ಕಂಪ್ಲಿಯ ಕಾಲುವೆ ಏರಿಯ ಮೇಲೆ ಒಂದು ಮಳೆ ಬಿದ್ದರೆ ಟೆಂಪೋ ಅಲ್ಲೇ ಕೂರುತ್ತಿತ್ತು, ಸಸಿಗಳು ಬಿಸಿಲಿಗೆ ತಲೆ ಬಾಗಿಸುತ್ತಿದ್ದವು, ರೈತರ ಬೈಗುಳ ನನಗೆ. ಇತ್ತ ಗಾದಿಗನೂರಿನಿಂದ ಕುರೆಕುಪ್ಪದವರೆಗೆ ಅದಿರಿನ ಲಾರಿಗಳು ಒಂದರ ಬಾಲಕ್ಕೊಂದು ಮೂತಿ ಹಚ್ಚಿಕೊಂಡು ನಿಂತಿರುತ್ತವೆ, ಡಾಂಬರು ಎಲ್ಲಿ ಮುಗಿಯಿತು, ಗುಂಡಿ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಇಂಥ ಊರಿನಲ್ಲಿ ಬದುಕುವವರಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿ ಶೋಕಿಯ ವಸ್ತುವೆಂದು ಸಮುದ್ರದ ದಂಡೆಯಲ್ಲಿ ಕೂತವರಿಗೆ ಮಾತ್ರ ಅನ್ನಿಸೀತು.

ಅದರ ದೋಷಗಳೂ ನನಗೆ ಗೊತ್ತು. ನಮ್ಮ ಓಣಿಯಲ್ಲಿ ಅದು ತಿರುಗುವುದಿಲ್ಲ, ದಿನಾ ಮುಂಜಾನೆ ಕೊನೆಯ ಮನೆಯ ತುಳಸಿಕಟ್ಟೆಯವರೆಗೂ ಹಿಮ್ಮುಖವಾಗಿ ಬಿಡಬೇಕು. ಹಿಂದೆ ಖಾಲಿ ಇದ್ದರೆ ಕುಳಿತವರ ಬೆನ್ನುಮೂಳೆ ಒಂದೊಂದೂ ಎಣಿಕೆಗೆ ಸಿಗುತ್ತದೆ. ಏರ್ ಫಿಲ್ಟರನ್ನು ವಾರಕ್ಕೆರಡು ಸಲ ತೆಗೆದು ಕಟ್ಟೆಗೆ ಬಡಿಯಬೇಕು, ಬಡಿದರೆ ಹಿಡಿ ತುಂಬ ಕೆಂಪು ಹಿಟ್ಟು. ಡೀಸೆಲ್ ಚೆನ್ನಾಗಿಯೇ ಕುಡಿಯುತ್ತದೆ. ಆದರೂ ಪವರ್ ಸ್ಟಿಯರಿಂಗ್ ಇದೆ, ಬೇಸಿಗೆಯಲ್ಲಿ ಅಮ್ಮನನ್ನು ಆಸ್ಪತ್ರೆಗೆ ಒಯ್ಯುವಾಗ ಏಸಿ ತಂಪು ಬರುತ್ತದೆ, ಬೆಳಿಗ್ಗೆ ಆರಕ್ಕೆ ಕಂಪ್ಲಿಯ ಗದ್ದೆಬದುವಿನ ಕೆಸರಿನಲ್ಲಿ ಇಳಿದ ಗಾಡಿಯೇ ಒಂಬತ್ತಕ್ಕೆ ಬಜಾರಿನಲ್ಲಿ ತರಕಾರಿ ತರುತ್ತದೆ. ಓಡಿಸುವುದನ್ನು ಕಲಿಸಿದವನು ಜಂಬಪ್ಪ, ಸಂಡೂರು ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಮುದುಕ, ಮೂವತ್ತು ವರ್ಷ ಗಣಿಗಳಲ್ಲಿ ಜೀಪು ಓಡಿಸಿದವನು. "ಅವ್ವಾ, ಸಣ್ಣ ಗೇರು ಹಾಕಿದ ಮ್ಯಾಲ ಕಾಲು ಹಗೂರ ಇರ್ಲಿ. ಗಾಡಿ ತಾನ ಹತ್ತತೈತಿ, ನೀ ಬರೇ ದಾರಿ ತೋರ್ಸು" ಎಂದು ಹೇಳಿಕೊಟ್ಟ. ಮೊದಲ ತಿಂಗಳು ನಾನು ಮೂರು ಕಡೆ ಉಜ್ಜಿದೆ, ಒಂದು ಕಡೆ ಕೂರಿಸಿದೆ. ಈಗ ಲಾರಿ ಡ್ರೈವರುಗಳೇ "ಅಕ್ಕಾರ, ಮುಂದ ಹ್ವಾಗ್ರಿ" ಎಂದು ದಾರಿ ಬಿಡುತ್ತಾರೆ.

ಅಪ್ಪ ಮೊದಲು ಅದನ್ನು ಮುಟ್ಟಲೂ ಇಲ್ಲ. ಬಂಡ್ರಿಯ ಆಚೆ ಕರಡಿಕೊಳ್ಳದ ಪ್ರಾಣದೇವರ ಗುಡಿಗೆ ನಮ್ಮ ಮುತ್ತಜ್ಜ ಚಕ್ಕಡಿಯಲ್ಲಿ ಹೋಗುತ್ತಿದ್ದರಂತೆ. ಅಪ್ಪ ಬಸ್ಸಿನಲ್ಲಿ ಬಂಡ್ರಿಗೆ ಹೋಗಿ ಅಲ್ಲಿಂದ ನಡೆದು ಹತ್ತುತ್ತಿದ್ದರು. ನಿನಗೂ ನೆನಪಿರಬೇಕು, ಚಿಕ್ಕವನಿದ್ದಾಗ ನೀನೂ ನೈವೇದ್ಯದ ಡಬ್ಬಿ ಹಿಡಿದು ಹೋಗುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಪ್ರತಿ ಶನಿವಾರದ ಪೂಜೆ ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ತಿಂಗಳಿಗೊಮ್ಮೆ. ಹೋದ ವರ್ಷ ಒಂದು ಶನಿವಾರ ನಾನೇ ಹಟ ಮಾಡಿ ಗಾಡಿಗೆ ಹತ್ತಿಸಿದೆ. ಒಳಗೆ ಕೂತರೆ ಮಡಿ ಕೆಡುತ್ತದೆ, ಡ್ರೈವರ್ ಮೈಲಿಗೆ, ಅವಳು ಮಗಳಾದರೂ ಸರಿ ಎಂದರು. ಕೊನೆಗೆ ಹಿಂದಿನ ತೊಟ್ಟಿಯಲ್ಲಿ ಮಣೆ ಹಾಕಿಕೊಂಡು, ಮಡಿಪಂಚೆ ಉಟ್ಟು, ನೀರು ತುಂಬಿದ ತಾಮ್ರದ ಕೊಡವನ್ನು ತೊಡೆಗೆ ಆನಿಸಿಕೊಂಡು ಕೂತರು. ಬಂಡ್ರಿ ದಾಟುವವರೆಗೂ ಲಾರಿಯವರು ಕೈಮುಗಿದರು. ಉತ್ಸವಮೂರ್ತಿ ಹೊರಟಿದೆ ಎಂದುಕೊಂಡಿದ್ದರೋ ಏನೋ. ಅಪ್ಪ ಗಂಭೀರವಾಗಿ ಎಲ್ಲರಿಗೂ ಆಶೀರ್ವಾದ ಮಾಡುತ್ತ ಕೂತಿದ್ದನ್ನು ಕನ್ನಡಿಯಲ್ಲಿ ನೋಡಿ ನಗು ತಡೆಯಲಾಗದೆ ನಾನು ಎರಡು ಸಲ ಗುಂಡಿಗೆ ಇಳಿಸಿದೆ. ಅಂದಿನಿಂದ ಒಂದು ಶನಿವಾರವೂ ತಪ್ಪಿಲ್ಲ.

ಈಗ ಮಹಜರಿನ ದಿನದ ಕಥೆ. ನಿನ್ನ ಗಣಿ ಕಂಪನಿಯ ಮ್ಯಾನೇಜರು ಹೇಳಿದ್ದನ್ನೇ ನೀನು ನಂಬಿದ್ದೀ, ಅವನು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಗುಡಿಯ ಕೆಳಗೆ ಒಳ್ಳೆಯ ಅದಿರು ಇದೆ, ಪೂಜೆ ನಡೆಯುವ ಗುಡಿಯನ್ನು ಕದಲಿಸಲು ಅನುಮತಿ ಸಿಗುವುದಿಲ್ಲ, ಪಾಳುಬಿದ್ದ ಗುಡಿಯಾದರೆ ಸಿಗುತ್ತದೆ ಎನ್ನುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಸೆಪ್ಟೆಂಬರ್ ಹದಿನೇಳರಂದು ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆ, ಆಸಕ್ತರು ಹತ್ತೂವರೆಗೆ ಹಾಜರಿರಬೇಕು ಎಂದು ಬಂಡ್ರಿಯ ಪಂಚಾಯಿತಿ ಗೋಡೆಗೆ ಚೀಟಿ ಹಚ್ಚಿದ್ದರು. ಆಗ ಪಿತೃಪಕ್ಷ, ಅಪ್ಪನಿಗೆ ದಿನಕ್ಕೆ ಎರಡೆರಡು ಮನೆಯ ಶ್ರಾದ್ಧ. ಅವತ್ತಿನ ಎರಡನ್ನೂ ಬೇರೆಯವರಿಗೆ ಒಪ್ಪಿಸಿ ಬೆಳಕು ಹರಿಯುವ ಮುಂಚೆಯೇ ಸ್ನಾನ ಮಾಡಿ ಸಿದ್ಧರಾದರು. ಏಳು ಗಂಟೆಗೆ ಗುಡ್ಡದ ಬುಡ ಮುಟ್ಟಿದರೆ ದಾರಿಯೇ ಇಲ್ಲ. ಹಿಂದಿನ ಸಂಜೆ ಟಿಪ್ಪರುಗಳು ಬಂದು ಆಳೆತ್ತರದ ಮಣ್ಣಿನ ಗುಡ್ಡೆ ಸುರಿದು ಹೋಗಿದ್ದವು. ಕಾವಲಿನವನು "ಬ್ಲಾಸ್ಟಿಂಗ್ ಐತ್ರಿ, ಇವತ್ತು ಯಾರನ್ನೂ ಬಿಡಬ್ಯಾಡ ಅಂದಾರ" ಎಂದ. ಅಧಿಕಾರಿಗಳು ಹೇಗೆ ಬರುತ್ತಾರೆ ಎಂದರೆ ಆಕಾಶ ನೋಡಿದ. ಗಣಿಯ ಒಳದಾರಿಯಿಂದ ಅವರನ್ನು ಕರೆತರುವ ಏರ್ಪಾಡಾಗಿತ್ತು.

ಅಲ್ಲೇ ಬೇವಿನ ಗಿಡದ ಕೆಳಗೆ ಐದು ಜನ ಹೆಂಗಸರು ಕೂತಿದ್ದರು. ಒಬ್ಬಾಕೆ ಎದ್ದು ಬಂದಳು. ನೀನು ಪತ್ರದಲ್ಲಿ "ಯಾರೋ ಒಬ್ಬ ಕೂಲಿ ಹೆಂಗಸು" ಎಂದು ಬರೆದಿದ್ದೀಯಲ್ಲ, ಆಕೆಯ ಹೆಸರು ತಿಪ್ಪಕ್ಕ. ಬಂಡ್ರಿಯ ಊರಾಚೆಯ ಕೇರಿಯವಳು, ಗಣಿಯ ಜರಡಿಯಲ್ಲಿ ಅದಿರು ಸೋಸುವ ಕೆಲಸ, ನಮ್ಮ ಅಮ್ಮನಿಗಿಂತ ನಾಲ್ಕೈದು ವರ್ಷ ಚಿಕ್ಕವಳು ಇರಬಹುದು. ಜೊತೆಯಲ್ಲಿದ್ದವರು ಉಚ್ಚೆಂಗಮ್ಮ, ಹೊಳೆಮ್ಮ ಮತ್ತು ಅದೇ ಕೇರಿಯ ಇನ್ನಿಬ್ಬರು. ಚೀಟಿ ಓದಿಸಿ ಕೇಳಿ, ಒಂದು ದಿನದ ಕೂಲಿ ಬಿಟ್ಟು ಸಾಕ್ಷಿ ಹೇಳಲು ಬಂದವರು. ತಿಪ್ಪಕ್ಕ ಗಾಡಿಯನ್ನು ಸುತ್ತ ಒಂದು ಸಲ ನೋಡಿದಳು. "ಯವ್ವಾ, ಹಳ್ಳದಾಗ ಹೋಗಾಕ ಬರತೈತೇನು ಇದು? ಮೊದ್ಲು ಚಕ್ಕಡಿ ಅಲ್ಲೇ ಹತ್ತತಿದ್ವು" ಎಂದಳು. ಮುತ್ತಜ್ಜನ ಚಕ್ಕಡಿ ಹೋಗುತ್ತಿದ್ದ ದಾರಿ ಅದು. ಅಪ್ಪನಿಗೂ ಅದು ಮರೆತುಹೋಗಿತ್ತು.

ಚಕ್ರದ ಗಾಳಿ ಸ್ವಲ್ಪ ಇಳಿಸಿದೆ, ಸಣ್ಣ ಗೇರು ಹಾಕಿದೆ, ಹಳ್ಳಕ್ಕೆ ಇಳಿದೆವು. ಅಪ್ಪ ಹಿಂದೆ ಮಣೆಯ ಮೇಲೆ, ಹೆಂಗಸರು ಮುಂದೆ ಮುಂದೆ ನಡೆದು ದಾರಿ ತೋರಿಸುತ್ತಿದ್ದರು. ಅಣ್ಣಾ, ಆ ಎರಡು ಗಂಟೆಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಗುಂಡುಕಲ್ಲುಗಳ ನಡುವೆ ಗಾಡಿ ಇರುವೆಯ ಹಾಗೆ ತೆವಳಿತು. ಬ್ರೇಕು ಮುಟ್ಟದೆ, ಕ್ಲಚ್ಚು ಮುಟ್ಟದೆ, ಸ್ಟಿಯರಿಂಗನ್ನು ಎರಡು ಬೆರಳಿನಲ್ಲಿ ಹಿಡಿದು ಕೂತಿದ್ದೆ. ಜಾಲಿಮುಳ್ಳು ಎರಡೂ ಬಾಗಿಲನ್ನು ಉದ್ದಕ್ಕೂ ಗೀರಿತು. ಮುಕ್ಕಾಲು ಏರಿದ ಮೇಲೆ ಒಂದು ಬಂಡೆಯ ಮೆಟ್ಟಿಲು ಅಡ್ಡ ಬಂತು, ಹಿಂದಿನ ವಾರದ ಮಳೆಗೆ ಅದರ ಮೇಲೆ ಕೆಂಪು ರಾಡಿ. ಮುಂದಿನ ಚಕ್ರಗಳು ಹತ್ತಿದವು. ಹಿಂದಿನ ಎಡಚಕ್ರ ಗಾಳಿಯಲ್ಲಿ ತೇಲಿ ಸುಮ್ಮನೆ ತಿರುಗಿತು, ಬಲಚಕ್ರ ರಾಡಿಯಲ್ಲಿ ಜಾರಿತು. ಮೂರು ಸಲ ನೋಡಿದೆ. ಹೆಂಗಸರು ಕಲ್ಲು ತಂದು ಕೊಟ್ಟರು, ಕಲ್ಲೂ ಜಾರಿತು. ಗಡಿಯಾರದಲ್ಲಿ ಒಂಬತ್ತಾಗಿತ್ತು. ಜಂಬಪ್ಪ ಎಂದೋ ಹೇಳಿದ ಮಾತು ಆಗ ನೆನಪಾಯಿತು: "ಖಾಲಿ ಪಿಕಪ್ಪು ಕತ್ತೆಮರಿ ಇದ್ದಂಗ, ಹಿಂದಿನ ಕಾಲು ಎತ್ತತೈತಿ. ಅದರ ಬೆನ್ನ ಮ್ಯಾಲ ಭಾರ ಹೇರು, ಸುಮ್ನ ಹೋಗತೈತಿ." ಹಿಂದೆ ಭಾರ ಬೇಕಿತ್ತು. ಭಾರ ಎಂದರೆ ಅಲ್ಲಿ ಐದು ಜನ ಹೆಂಗಸರು, ಮತ್ತೇನೂ ಇರಲಿಲ್ಲ.

ನಾನು ಇಳಿದು ಅಪ್ಪನ ಮುಖ ನೋಡಿದೆ. ಮಡಿಯಲ್ಲಿದ್ದಾಗ ಅಮ್ಮನ ಸೀರೆಯ ಸೆರಗು ತಾಗಿದರೂ ಮತ್ತೆ ಸ್ನಾನಕ್ಕೆ ಹೋಗುವ ಮನುಷ್ಯ. ಅಪ್ಪನಿಗೆ ಅರ್ಥವಾಗಿತ್ತು. ಸ್ವಲ್ಪ ಹೊತ್ತು ಗಾಳಿಯಲ್ಲಿದ್ದ ಆ ಚಕ್ರವನ್ನೇ ನೋಡಿದರು. ಆಮೇಲೆ ಎದ್ದು ಮಣೆಯನ್ನು ಮೂಲೆಗೆ ಸರಿಸಿ, ಕೊಡವನ್ನು ಎತ್ತಿಕೊಂಡು, "ಹತ್ರಿ, ಎಲ್ರೂ ಹತ್ರಿ. ಹೊತ್ತಾತು" ಎಂದರು. ಯಾರೂ ಕದಲಲಿಲ್ಲ. ತಿಪ್ಪಕ್ಕ ಅಲ್ಲೇ ನಿಂತು, "ಸ್ವಾಮ್ಯಾರ, ಆಮ್ಯಾಲ ನಮ್ಮಿಂದ ನಿಮ್ಮ ಮಡಿ ಕೆಡ್ತು ಅಂತ ಅನಬ್ಯಾಡ್ರಿ. ಈಗ ವಿಚಾರ ಮಾಡ್ರಿ" ಎಂದಳು. ಆ ಮಾತಿನಲ್ಲಿ ಭಯವೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಅಪ್ಪ "ವಿಚಾರ ಮಾಡೇ ಹೇಳ್ಲಿಕ್ಹತ್ತೀನಿ. ಎಡಕ್ಕ ಕುಂದ್ರಿ, ಎಡಗಾಲಿ ಮ್ಯಾಲ ಅದ" ಎಂದರು. ಐದೂ ಜನ ಹತ್ತಿ ಎಡಮೂಲೆಗೆ ಒತ್ತಿಕೊಂಡು ಕೂತರು. ಚಕ್ರ ಕೆಳಗಿಳಿದು ಬಂಡೆಯನ್ನು ಹಿಡಿಯಿತು. ಒಂದು ಸಲ ಗಾಡಿ ಜೋರಾಗಿ ವಾಲಿತು, ನಾನು ಕನ್ನಡಿಯಲ್ಲಿ ನೋಡಿದಾಗ ಅಪ್ಪ ಮಗುಚಿ ಬೀಳುವುದರಲ್ಲಿದ್ದರು, ತಿಪ್ಪಕ್ಕ ಒಂದು ಕೈಯಲ್ಲಿ ಅವರ ತೋಳನ್ನೂ ಇನ್ನೊಂದು ಕೈಯಲ್ಲಿ ಕೊಡದ ಕಂಠವನ್ನೂ ಹಿಡಿದಿದ್ದಳು. ಮೇಲೆ ಹತ್ತಿದ ಮೇಲೆ ಹೊಳೆಮ್ಮ ಕೇಕೆ ಹಾಕಿದಳು. ನಾನೂ ಹಾಕಿದೆ. ಆಚಾರ್ಯರ ಮಗಳು ಗುಡ್ಡದ ಮೇಲೆ ಕೇಕೆ ಹಾಕಿದಳೆಂದು ಬೇಕಾದರೆ ಇದನ್ನೂ ನಿನ್ನ ಪಟ್ಟಿಗೆ ಸೇರಿಸಿಕೋ.

ಅಧಿಕಾರಿಗಳು ಹತ್ತೂಮುಕ್ಕಾಲಿಗೆ ಬಂದರು, ಜೊತೆಗೆ ನಿಮ್ಮ ಮ್ಯಾನೇಜರು. ಗುಡಿಯಲ್ಲಿ ದೀಪ ಉರಿಯುತ್ತಿತ್ತು, ಅಪ್ಪ ಅಭಿಷೇಕ ಮುಗಿಸಿ ಕೂತಿದ್ದರು. ಮ್ಯಾನೇಜರನ ಮುಖವನ್ನು ನೀನು ನೋಡಬೇಕಿತ್ತು. ಅಧಿಕಾರಿ ವಯಸ್ಸಾದ ಮನುಷ್ಯ, ಸಮಾಧಾನದವರು. ಫೈಲು ತೆರೆದು ಕಂಪನಿಯ ವರದಿಯನ್ನು ಗಟ್ಟಿಯಾಗಿ ಓದಿದರು. "ಹಲವು ವರ್ಷಗಳಿಂದ ಪೂಜೆ ನಿಂತ, ಜನರ ಓಡಾಟವಿಲ್ಲದ ಪಾಳು ಕಟ್ಟಡ" ಎಂದಿತ್ತು. ಕೊನೆಗೆ ಸಹಿ ಮಾಡಿದ ಭೂವಿಜ್ಞಾನಿಯ ಹೆಸರನ್ನೂ ಓದಿದರು. ಅಪ್ಪನಿಗೆ ಗೊತ್ತಾಗಿಲ್ಲವೆಂದು ನೀನು ತಿಳಿದಿದ್ದೀಯಲ್ಲ, ಆ ಹೆಸರನ್ನು ಅವರು ಗುಡಿಯ ಹೊಸ್ತಿಲ ಮೇಲೆ ಕೂತು ಕೇಳಿಸಿಕೊಂಡರು. ತೊಡೆಯ ಮೇಲಿದ್ದ ಹೂವಿನ ಬುಟ್ಟಿಯನ್ನು ಕೆಳಗಿಟ್ಟರು, ಅಷ್ಟೇ.

ಅಧಿಕಾರಿ ಇಲ್ಲಿ ಪೂಜೆ ಮಾಡುವವರು ಯಾರು ಎಂದು ಕೇಳಿದರು. ಅಪ್ಪ ಉತ್ತರಿಸುವ ಮುಂಚೆ ತಿಪ್ಪಕ್ಕ ಮುಂದೆ ಬಂದಳು. "ಶನಿವಾರ ಸ್ವಾಮ್ಯಾರು ಬರ್ತಾರ್ರಿ. ಉಳದ ದಿನ ನಾನ. ಕೆಲ್ಸಕ್ಕ ಹೋಗಾಕ ಮುಂಚೆ ಮ್ಯಾಲ ಬಂದು ಕಸ ಹೊಡದು, ಹನುಮಪ್ಪಗ ಎಣ್ಣಿ ಹಚ್ಚಿ, ದೀಪ ಇಟ್ಟು ಹೋಗ್ತೀನಿ. ನನ್ನ ಗಂಡ ತೀರಿಕೊಂಡಾಗಿಂದ, ಹನ್ನೊಂದು ವರ್ಷಾತು" ಎಂದಳು. ಮ್ಯಾನೇಜರು ನಕ್ಕ. ಅವನು ಬಹಳ ಜಾಣ, ಅಣ್ಣಾ. ಬೈಯಲಿಲ್ಲ, ಕೂಗಲಿಲ್ಲ. ನಯವಾಗಿ ಅಪ್ಪನ ಕಡೆ ತಿರುಗಿ, "ಆಚಾರ್ರ, ನೀವು ಶಾಸ್ತ್ರ ಬಲ್ಲವರು. ನಿಮಗೆ ಹೇಳದೆ ಕೇರಿಯ ಹೆಣ್ಣುಮಗಳು ಮೂರ್ತಿ ಮುಟ್ಟ್ಯಾಳ. ಇದು ಪೂಜಾ ಅನಸ್ತದೇನ್ರಿ? ಮೂರ್ತಿ ಕೆಟ್ಟಂಗ ಅಲ್ಲೇನ್ರಿ? ಕೆಳಗ ಅಮೃತಶಿಲೆಯೊಳಗ ಹೊಸ ಗುಡಿ ಕಟ್ಟಿ ಕೊಡ್ತೀವಿ, ಪೂಜಾ ನಿಮ್ಮದ ಇರ್ಲಿ" ಎಂದ. ಅಪ್ಪ ತಲೆಯಾಡಿಸಿದರೆ ಸಾಕಾಗಿತ್ತು. ವಾರಕ್ಕೊಂದು ಪೂಜೆಯನ್ನು ಪೂಜೆ ನಡೆಯುತ್ತಿದೆ ಎಂದು ಒಪ್ಪಿಕೊಳ್ಳುವುದಿಲ್ಲ, ದಿನದ ದೀಪ ಲೆಕ್ಕಕ್ಕೆ ಬರುವುದಿಲ್ಲ, ಕಡತ ಮುಗಿಯಿತು.

ಅಪ್ಪ ಕಷ್ಟಪಟ್ಟು ಕಂಬ ಹಿಡಿದು ಎದ್ದರು. "ನನಗ ಹೇಳದೆ ಅಂತೀರಿ. ಹನ್ನೊಂದು ವರ್ಷ ನಾ ಬಂದಾಗೊಮ್ಮೆ ಮೂರ್ತಿ ಮ್ಯಾಲ ಹಸೀ ಎಣ್ಣಿ ನೋಡೀನಿ. ಯಾರು ಹಚ್ತಾರ ಅಂತ ಒಂದು ದಿನಾನೂ ಕೇಳ್ಲಿಲ್ಲ. ಕೇಳಿದ್ರ ಬಿಡಸ್ಬೇಕಾಗ್ತದ ಅಂತ ಕೇಳ್ಲಿಲ್ಲ. ಗೊತ್ತಿತ್ತು ನನಗ" ಎಂದರು. ನಾನು ಮೊದಲ ಸಲ ಕೇಳಿದ್ದು ಅದನ್ನು. ತಿಪ್ಪಕ್ಕನೂ ಮೊದಲ ಸಲ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಬರ್ಕೋರಿ ಸಾಹೇಬ್ರ. ಮೊಣಕಾಲು ಬಿದ್ದ ಮ್ಯಾಲ ನಾ ತಿಂಗಳಿಗೊಮ್ಮೆ ಬರೋ ಬೀಗ ಆಗಿದ್ದೆ. ದಿನಾ ಪೂಜಾ ನಡಸಿದಾಕಿ ಈಕಿ. ಇದು ಪೂಜಾನ. ನಿಂತಿಲ್ಲ, ಒಂದು ದಿನಾನೂ ನಿಂತಿಲ್ಲ" ಎಂದರು. ಅಧಿಕಾರಿ ಬರೆದುಕೊಂಡರು. ಮ್ಯಾನೇಜರು ತಿಪ್ಪಕ್ಕನ ಮುಂದೆ ಹೆಬ್ಬೆಟ್ಟಿನ ಮಸಿ ಡಬ್ಬಿ ಹಿಡಿದ. ಆಕೆ "ಹೆಬ್ಬೆಟ್ಟು ಯಾಕ್ರಿ, ಪೆನ್ನು ಕೊಡ್ರಿ" ಎಂದು ಇಸಿದುಕೊಂಡು, ಸಾಕ್ಷರತೆಯ ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಅದರ ಕೆಳಗೆ ಅಪ್ಪನ ಸಹಿ.

ಅದಾದ ಮೇಲೆ ಏನಾಯಿತೆಂದು ನಿನಗೆ ಸುದ್ದಿ ಮುಟ್ಟಿದೆ. ಪಿತೃಪಕ್ಷ ಮುಗಿಯಲು ಇನ್ನೂ ಹನ್ನೆರಡು ದಿನವಿತ್ತು. ಮರುದಿನದಿಂದಲೇ ಒಂದೊಂದೇ ಮನೆಯಿಂದ ಫೋನು ಬಂತು, "ಈ ಸಲ ಬ್ಯಾಡ್ರಿ ಆಚಾರ್ರ, ಬ್ಯಾರೆಯವರಿಗೆ ಹೇಳೀವಿ" ಎಂದು. ಅಪ್ಪನೇ ಮಂತ್ರ ಹೇಳಿಕೊಟ್ಟವರು ಅವರ ಜಾಗದಲ್ಲಿ ಹೋಗಿ ಶ್ರಾದ್ಧ ಮಾಡಿಸಿದರು. ಸಂಜೆ ಪುರಾಣ ಹೇಳುವ ಕಟ್ಟೆಯಲ್ಲಿ ಅಪ್ಪನ ಪಕ್ಕದ ಜಾಗ ಖಾಲಿ ಇರುತ್ತದೆ. ಅಮ್ಮನ ವಿಷಯದಲ್ಲಿ ನಿನಗೆ ಸುಳ್ಳು ಬರೆಯುವುದಿಲ್ಲ. ನಮ್ಮ ತಾಯಿ ರಾಧಾಬಾಯಿಯವರು ಇನ್ನೂ ಒಪ್ಪಿಲ್ಲ. ಕೊಡವನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದಳು, ನಾಲ್ಕು ದಿನ ಅಪ್ಪನೊಡನೆ ಮಾತಾಡಲಿಲ್ಲ. ಆದರೆ ಐದನೇ ಮನೆಯವರು ಫೋನು ಮಾಡಿದಾಗ ತಾನೇ ಎತ್ತಿಕೊಂಡು, "ಆತು ಬಿಡ್ರಿ. ನಿಮ್ಮ ಹಿರಿಯರಿಗೆ ಯಾರ ಮಂತ್ರ ತಲಪ್ತದೋ ತಲಪ್ಲಿ" ಎಂದು ಹೇಳಿ ಇಟ್ಟಳು. ಅಪ್ಪನೂ ಒಂದೇ ದಿನದಲ್ಲಿ ಬದಲಾಗಿಬಿಟ್ಟಿಲ್ಲ. ಶನಿವಾರ ಮನೆಗೆ ಬಂದ ಕೂಡಲೇ ಈಗಲೂ ಸ್ನಾನಕ್ಕೆ ಹೋಗುತ್ತಾರೆ. ಧೂಳಿಗೋ ಮೈಲಿಗೆಗೋ ನಾನು ಕೇಳಿಲ್ಲ. ತಿಪ್ಪಕ್ಕ ಎಣ್ಣೆ ಹಚ್ಚುತ್ತಾಳೆ, ಅಪ್ಪ ಮಂತ್ರ ಹೇಳುತ್ತಾರೆ, ಇಬ್ಬರಿಗೂ ಸಂಕೋಚ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮೊನ್ನೆ ಮಾತ್ರ ಆಕೆ "ತಡಾ ಮಾಡಬ್ಯಾಡ್ರಿ ಸ್ವಾಮ್ಯಾರ, ನನಗ ಪಾಳಿ ಐತಿ" ಎಂದು ಗದರಿದಳು, ಅಪ್ಪ ಅರ್ಧಕ್ಕೆ ಅರ್ಧ ಸ್ತೋತ್ರವನ್ನು ನುಂಗಿ ಮಂಗಳಾರತಿ ಎತ್ತಿದರು.

ಈಗ ನಿನ್ನ ಟೈಪು ಮಾಡಿದ ಕಾಗದ. ತಿಪ್ಪಕ್ಕ ಮಾಡಿದ್ದು ತನಗೆ ಗೊತ್ತಿರಲಿಲ್ಲ, ಮೂರ್ತಿಯ ಸಾನ್ನಿಧ್ಯ ಹೋಗಿದೆ, ಸ್ಥಳಾಂತರಕ್ಕೆ ಒಪ್ಪಿಗೆ ಇದೆ ಎಂದು ಅಪ್ಪನ ಬಾಯಲ್ಲಿ ಬರೆಸಿದ್ದೀ. ನಾನು ಅದನ್ನು ಮುಚ್ಚಿಡಲಿಲ್ಲ. ಹಬ್ಬದ ಊಟವಾದ ಮೇಲೆ ಅಪ್ಪನ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಅವಗ ಬರಿ. ನಾ ಸಿಟ್ಟಾಗಿಲ್ಲ. ಸಹಿ ಮಾತ್ರ ಮಾಡಂಗಿಲ್ಲ" ಎಂದು ಹೇಳಿ ಮಲಗಲು ಹೋದರು. ಸಿಟ್ಟು ನನಗಿದೆ, ಅಣ್ಣಾ. ನೌಕರಿಯಲ್ಲಿ ಮೇಲಿನವರ ಒತ್ತಡ ಇರುತ್ತದೆ, ನಿನಗೂ ಹೆಂಡತಿ ಮಗು ಇದ್ದಾರೆ, ಅದೆಲ್ಲ ನನಗೆ ತಿಳಿಯುತ್ತದೆ. ಆದರೆ ಅಪ್ಪನ ಮರ್ಯಾದೆಯ ಮಾತನ್ನು ನೀನು ನನಗೆ ಬರೆಯಬಾರದಿತ್ತು. ಅಪ್ಪನ ಮರ್ಯಾದೆ ಅವತ್ತು ಹೊಸ್ತಿಲ ಮೇಲೆ ಹೋಗಲಿಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಾಡಿಯನ್ನು ನಾನು ಮಾರುವುದಿಲ್ಲ. ಅದರ ಬಾಗಿಲಿನ ಗೀರುಗಳಿಗೆ ಬಣ್ಣವನ್ನೂ ಹೊಡೆಸುವುದಿಲ್ಲ. ಹೋದ ವಾರ ನಿಮ್ಮವರು ಹಳ್ಳದ ಬಾಯಿಗೆ ಜೆಸಿಬಿ ತಂದು ಕಂದಕ ತೋಡಿಸಿದರು. ಕೇರಿಯವರು ಬೆಳಗಾಗುವುದರೊಳಗೆ ಅದಕ್ಕೆ ಕಲ್ಲು ತುಂಬಿದರು. ನಿನ್ನೆ ಶನಿವಾರ ಅದರ ಮೇಲೇ ಹತ್ತಿ ಹೋಗಿ ಬಂದೆವು, ಹಿಂದೆ ಒಂಬತ್ತು ಜನ.

ವೈನಿಗೆ ನನ್ನ ನಮಸ್ಕಾರ ಹೇಳು, ಅವಳ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಅಕ್ಷೋಭ್ಯನ ಎರಡೂ ಕೆನ್ನೆಗೆ ಅತ್ತೆಯ ಮುತ್ತು. ಅಪ್ಪ ಅಮ್ಮನ ಆಶೀರ್ವಾದ ನಿಮ್ಮ ಮೂವರ ಮೇಲೂ ಮೊದಲಿನಂತೆಯೇ ಇದೆ, ಒಬ್ಬರಿಗೂ ಕಡಿಮೆಯಾಗಿಲ್ಲ.

ನಿನ್ನ ತಂಗಿ
ಹರಿಪ್ರಿಯಾ

ತಾ.ಕ.: ಅಮ್ಮ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ಅದಕ್ಕೇ ಮೇಲೆ ಬರೆಯಲಿಲ್ಲ. ಈಗ ಒಳಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಅಧಿಕಾರಿ ಅವತ್ತು ನಿನ್ನ ವರದಿಯ ತಾರೀಖನ್ನೂ ಓದಿದರು. 2007 ನವೆಂಬರ್ 26ರಂದು ನೀನು ಖುದ್ದಾಗಿ ಕರಡಿಕೊಳ್ಳಕ್ಕೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ಗುಡಿಯನ್ನು ಪರಿಶೀಲಿಸಿದೆ ಎಂದಿದೆ. ಇದರೊಳಗೆ ಒಂದು ಫೋಟೋ ಇಟ್ಟಿದ್ದೇನೆ. ಕಂಪ್ಲಿಯಲ್ಲಿ, ವೈನಿಯ ತವರಿನಲ್ಲಿ, ಅಕ್ಷೋಭ್ಯನ ನಾಮಕರಣ. ತೊಟ್ಟಿಲಿನ ಪಕ್ಕ ನಿಂತು ಅವನ ಕಿವಿಯಲ್ಲಿ ಹೆಸರು ಹೇಳುತ್ತಿರುವವನು ನೀನೇ. ಮೂಲೆಯಲ್ಲಿ ಕ್ಯಾಮೆರಾ ಹಾಕಿದ ತಾರೀಖು ನೋಡು, ಅದೇ ದಿನದ್ದು. ಇದೇ 22, ಬುಧವಾರ ಸಂಡೂರಿನಲ್ಲಿ ಗುಡಿಯ ವಿಚಾರಣೆ, ಹನ್ನೊಂದು ಗಂಟೆಗೆ. ನೀನೇ ಬಂದು ನಿನ್ನ ಬಾಯಿಂದ ನಿಜ ಹೇಳಿದರೆ ಇದರ ಇನ್ನೊಂದು ಪ್ರತಿ ನನ್ನ ಚೀಲದಿಂದ ಹೊರಗೆ ಬರುವುದಿಲ್ಲ. ಬಾರದಿದ್ದರೆ ನಾನು ಎದ್ದು ನಿಂತು ಕೊಡುತ್ತೇನೆ. ಅಪ್ಪನಿಗೆ ಈ ಫೋಟೋದ ವಿಷಯ ಇನ್ನೂ ಗೊತ್ತಿಲ್ಲ. ಮಂಗಳವಾರ ರಾತ್ರಿಯ ಬಸ್ಸಿಗೆ ಹೊರಟರೆ ಬೆಳಿಗ್ಗೆ ಹೊಸಪೇಟೆ. ನಾನು ಸ್ಟ್ಯಾಂಡಿಗೆ ಬಂದಿರುತ್ತೇನೆ.